‘ಸಂಬಂಧ’ ಅನ್ನೋ ಕಾಲಂನಲ್ಲಿ ಏನು ಬರೀಲಿ, ಮಂಜ?

ಲೋ ಮಂಜ,

ಎಲ್ಲರ ಎದುರಿಗೇ ಬರೀತೀನಿ ಅಂತ ಹೇಳಿದ್ದೆ, ಬರೀತಿದೀನಿ. ಬೇರೆಯವರೂ ಓದ್ತಾರೆ, ಅದಕ್ಕೇ ನಿನ್ನ ನಿಜವಾದ ಅಡ್ಡಹೆಸರು ಹಾಕಿಲ್ಲ. ಓದ್ತಿರೋ ಮಹನೀಯರೇ, ಛತ್ರಿ ವಿಷಯ ಮಾತ್ರ ದಯವಿಟ್ಟು ಕೇಳಬೇಡಿ.

ಸಲಿಂಗಿಗಳ ಬಗ್ಗೆ ನಮ್ಮ ಧರ್ಮಗುರುಗಳು ಯಾವಾಗ ಏನಂದಿದ್ದಾರೆ, ಒಂದು ಪಟ್ಟಿ ಮಾಡಿಕೊಡು ಅಂದಿದ್ದೆಯಲ್ಲ? ಮಾಡಿದೆ. 2013ರ ಡಿಸೆಂಬರ್ 11ರಿಂದ ಶುರು ಮಾಡಿದ್ದೀನಿ, ಸಲಿಂಗಕಾಮ ಅಪರಾಧ ಅಂತಿದ್ದ 377ನೇ ಕಲಮಿಗೆ ಸುಪ್ರೀಂ ಕೋರ್ಟು ಮತ್ತೆ ಜೀವ ಕೊಟ್ಟ ದಿನ ಅದು. ಅದು ಅಪರಾಧ ಅಲ್ಲ ಅಂದಿದ್ದ ದೆಹಲಿ ಹೈಕೋರ್ಟಿನ 2009ರ ತೀರ್ಪನ್ನ ಪ್ರಶ್ನಿಸಿ ಮೇಲ್ಮನವಿ ಹಾಕಿದವರಲ್ಲಿ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿ ಇತ್ತು, ಕ್ರೈಸ್ತ ಸಂಘಟನೆಗಳಿದ್ದವು, ಒಬ್ಬ ಜ್ಯೋತಿಷಿಯೂ ಇದ್ದರು. ಬೇರೆ ದಿನ ಒಂದೇ ಪಂಕ್ತಿಯಲ್ಲಿ ಕೂರದ ಜನ. ತೀರ್ಪು ಬಂದದ್ದೇ ಬಾಬಾ ರಾಮದೇವ್, ಯೋಗದಿಂದ ಇದನ್ನ ಗುಣಪಡಿಸ್ತೀನಿ ಅಂದರು. ಶ್ರೀ ಶ್ರೀ ರವಿಶಂಕರ್, ಹಿಂದೂ ಸಂಸ್ಕೃತಿಯಲ್ಲಿ ಇದು ಅಪರಾಧವೇ ಆಗಿರಲಿಲ್ಲ ಅಂತ ಹರಿಹರಸುತ ಅಯ್ಯಪ್ಪನನ್ನ ತೋರಿಸಿದರು. ಮುಂಬೈಯ ಕಾರ್ಡಿನಲ್ ಗ್ರೇಷಿಯಸ್, ಮದುವೆ ಒಪ್ಪಲ್ಲ, ಆದರೆ ಚರ್ಚು ಇವರನ್ನ ಅಪರಾಧಿಗಳು ಅಂತ ಎಂದೂ ಎಣಿಸಿಲ್ಲ ಅಂದರು. 2017ರಲ್ಲಿ ಅದೇ ರವಿಶಂಕರ್ ದೆಹಲಿಯ ಜೆಎನ್‌ಯು ವಿಶ್ವವಿದ್ಯಾಲಯದಲ್ಲಿ, ಇದೊಂದು ಪ್ರವೃತ್ತಿ, ಮುಂದೆ ಬದಲಾಗಬಹುದು ಅಂದು ಬೈಸಿಕೊಂಡರು. 2023ರಲ್ಲಿ ಸಲಿಂಗಿ ಮದುವೆಯ ಕೇಸು ಬಂದಾಗ ಮುಸ್ಲಿಂ ವಿದ್ವಾಂಸರ ಸಂಘಟನೆ ಜಮೀಯತ್ ಉಲಮಾ-ಎ-ಹಿಂದ್ ವಿರೋಧಿಸಿ ಕೋರ್ಟಿಗೆ ಹೋಯಿತು. ಅದೇ ಡಿಸೆಂಬರ್ 18ಕ್ಕೆ ವ್ಯಾಟಿಕನ್, ಸಲಿಂಗಿ ಜೋಡಿಗೆ ಪಾದ್ರಿ ಆಶೀರ್ವಾದ ಕೊಡಬಹುದು ಅಂತು. ತಿಂಗಳು ತುಂಬೋದರೊಳಗೆ ಆಫ್ರಿಕಾದ ಬಿಷಪ್ಪರು, ನಮ್ಮಲ್ಲಿ ಆಗಲ್ಲ ಅಂದರು.

ಪಟ್ಟಿ ಚೆನ್ನಾಗಿ ಬಂದಿದೆ. ಕಳಿಸೋ ಮುಂಚೆ ಒಂದು ಸಲ ಓದಿದೆ ನೋಡು, ಅಲ್ಲೇ ಸಿಕ್ಕಿಬಿದ್ದೆ. ಮದುವೆ, ಹಾಸಿಗೆ, ಸಂಸ್ಕೃತಿ ಎಲ್ಲಾ ಇದೆ. ಅರವತ್ತು ದಾಟಿದ ಸಲಿಂಗಿ ಒಬ್ಬರೂ ಇಲ್ಲ.

ಲೆಕ್ಕ ಹಾಕು. 1955ರಲ್ಲಿ ಹುಟ್ಟಿದ ಒಬ್ಬ. 2009ರಲ್ಲಿ ದೆಹಲಿ ಹೈಕೋರ್ಟು ಅವನು ಅಪರಾಧಿಯಲ್ಲ ಅಂದಾಗ ಅವನಿಗೆ 54. ನಾಲ್ಕೂವರೆ ವರ್ಷ ಕಳೆಯೋ ಹೊತ್ತಿಗೆ, 58ಕ್ಕೆ, ಮತ್ತೆ ಅಪರಾಧಿ. 2018ರ ಸೆಪ್ಟೆಂಬರ್ 6ಕ್ಕೆ ಸುಪ್ರೀಂ ಕೋರ್ಟೇ ಅಪರಾಧ ಅಲ್ಲ ಅಂತ ಬಿಡುಗಡೆ ಮಾಡಿದಾಗ 63, ಅಷ್ಟರಲ್ಲಿ ನೌಕರಿಯಿಂದಲೂ ನಿವೃತ್ತಿ. ಇಷ್ಟೂ ವರ್ಷ ಅವನು ಕಲಿತ ಬುದ್ಧಿ ಒಂದೇ: ಕಾಗದದ ಮೇಲೆ ಏನೂ ಇರಬಾರದು. ಬಾಡಿಗೆ ಕರಾರು ಒಬ್ಬನ ಹೆಸರಲ್ಲಿ, ಇನ್ನೊಬ್ಬ ‘ಕಸಿನ್’. ಕಾಗದ ಬಂದರೆ ಓದಿ ಹರಿದುಹಾಕು, ಫೋಟೋದಲ್ಲಿ ಮಧ್ಯೆ ಯಾರಾದರೂ ನಿಂತಿರಲಿ. ಈಗ ಎಪ್ಪತ್ತಕ್ಕೆ ಆಸ್ಪತ್ರೆಗೆ ಹೋದರೆ, ಬ್ಯಾಂಕಿಗೆ ಹೋದರೆ ಕೇಳೋದು ಅದನ್ನೇ: ನೀವಿಬ್ಬರೂ ಏನಾಗಬೇಕು, ದಾಖಲೆ ತನ್ನಿ. ಪುರಾವೆ ಉಳಿಯದ ಹಾಗೆ ನಲವತ್ತು ವರ್ಷ ಜೋಪಾನ ಮಾಡಿದವರು ಎಲ್ಲಿಂದ ತರಬೇಕು?

2023ರ ಅಕ್ಟೋಬರ್ 17ಕ್ಕೆ ಮದುವೆಯ ಹಕ್ಕಿಲ್ಲ ಅಂತ ಆಯ್ತು. ಹಾಗಾಗಿ ಇರೋ ದಾರಿ ಬಿಡಿಬಿಡಿ ಕಾಗದಗಳದ್ದು. ನಿನಗೆ ಬೇಜಾರಾದರೂ ಬರೀತೀನಿ. ಓದ್ತಿರೋರಲ್ಲಿ ಯಾರಿಗಾದರೂ ಬೇಕಾಗಬಹುದು.

ಜಂಟಿ ಖಾತೆಗೆ ಅಡ್ಡಿಯಿಲ್ಲ, ಸಂಗಾತಿಯನ್ನ ನಾಮಿನಿ ಮಾಡಬಹುದು ಅಂತ ಹಣಕಾಸು ಸಚಿವಾಲಯ 2024ರ ಆಗಸ್ಟ್ 28ರಂದು ಸ್ಪಷ್ಟಪಡಿಸಿದೆ. ಖಾತೆ ತೆರೆಯುವಾಗ ‘ಐದರ್ ಆರ್ ಸರ್ವೈವರ್’, ಅಂದರೆ ಇಬ್ಬರಲ್ಲಿ ಯಾರಾದರೂ ಇಲ್ಲವೇ ಬದುಕುಳಿದವರು ಹಣ ತೆಗೀಬಹುದು, ಅಂತ ಗುರುತು ಹಾಕಿಸಬೇಕು. ಆದರೆ ಜನ ಇಲ್ಲೇ ಮೋಸ ಹೋಗೋದು. ನಾಮಿನಿ ಅಂದರೆ ಮಾಲೀಕ ಅಲ್ಲ, ಹಣ ಇಸಕೊಂಡು ವಾರಸುದಾರರಿಗೆ ದಾಟಿಸೋ ಕೈ ಅಷ್ಟೇ. ವಿಮೆಯಲ್ಲಿ 2015ರಿಂದ ಕೆಲವು ನಾಮಿನಿಗಳಿಗೆ ಹಣ ಸ್ವಂತಕ್ಕೇ ಸೇರುತ್ತೆ. ಆದರೆ ಅದು ತಂದೆತಾಯಿ, ಗಂಡಹೆಂಡತಿ, ಮಕ್ಕಳಿಗೆ ಮಾತ್ರ. ಪಿ.ಎಫ್‌ನಲ್ಲಿ ಇನ್ನೂ ಬಿಗಿ: ಕಾನೂನು ಹೇಳೋ ‘ಕುಟುಂಬ’ ಇದ್ದರೆ ಹೊರಗಿನವರ ಹೆಸರಿನ ನಾಮಿನೇಷನ್ನೇ ನಡೆಯಲ್ಲ.

ಉಯಿಲು ಇಲ್ಲದೆ ಹಿಂದೂ ಗಂಡಸೊಬ್ಬ ತೀರಿಕೊಂಡರೆ 1956ರ ಉತ್ತರಾಧಿಕಾರ ಕಾಯ್ದೆಯ 8ನೇ ಕಲಮು. ಮೊದಲ ವರ್ಗದ ವಾರಸುದಾರರು, ಎರಡನೇ ವರ್ಗ, ಆಮೇಲೆ ತಂದೆ ಕಡೆಯ ದೂರದ ದಾಯಾದಿಗಳು, ಆಮೇಲೆ ಉಳಿದ ರಕ್ತಸಂಬಂಧಿಗಳು. ಅವರೂ ಸಿಗದಿದ್ದರೆ ಸರ್ಕಾರ. ಮುಖ ನೋಡದ ದಾಯಾದಿಗೆ ಸಾಲಿದೆ, ಸರ್ಕಾರಕ್ಕೂ ಸಾಲಿದೆ, ಒಂದೇ ಒಲೆಯಲ್ಲಿ ನಲವತ್ತು ವರ್ಷ ಉಂಡವನಿಗೆ ಇಲ್ಲ.

ಅದಕ್ಕೇ ಉಯಿಲು. ಬಿಳಿ ಹಾಳೆ ಸಾಕು, ಛಾಪಾ ಕಾಗದ ಬೇಕಿಲ್ಲ. ನೋಂದಣಿ ಕಡ್ಡಾಯ ಅಲ್ಲ, ಆದರೆ ಮಾಡಿಸಿದರೆ ಒಳ್ಳೇದು. ಇಬ್ಬರು ಸಾಕ್ಷಿಗಳು, ಇಬ್ಬರೂ ಬರೆದವನಿಗಿಂತ ಚಿಕ್ಕವರಾಗಿರಲಿ, ಕೋರ್ಟು ಕರೆಯೋ ಹೊತ್ತಿಗೆ ಬದುಕಿರಬೇಕಲ್ಲ. ಅದೇ ತಾರೀಕಿನ ಡಾಕ್ಟರ ಚೀಟಿ: ಇವರ ಬುದ್ಧಿ ಸ್ವಸ್ಥವಾಗಿದೆ ಅಂತ. ಅಣ್ಣನ ಮಗನಿಗೆ ಯಾಕೆ ಕೊಡ್ತಿಲ್ಲ ಅನ್ನೋದನ್ನ ಹೆಸರು ಹಿಡಿದೇ ಎರಡು ಸಾಲು ಬರೆಯಬೇಕು, ಮೌನ ಇದ್ದರೆ ‘ಮರೆತಿದ್ದರು’ ಅಂತ ವಾದ ಬರುತ್ತೆ. ಸಂಗಾತಿ ಅಂತ ಬರೆಯೋಕೆ ಧೈರ್ಯ ಇಲ್ಲವಾ, ‘ಸ್ನೇಹಿತ’ ಅಂತ ಬರಿ. ಉಯಿಲಿಗೆ ಎರಡೂ ಒಂದೇ. ಮತ್ತೆ, ಆಸ್ತಿ ಯಾರಿಗೆ ಸಿಗುತ್ತೋ ಅವರು ಸಾಕ್ಷಿ ಹಾಕಬಾರದು, ವಕೀಲರ ಹತ್ತಿರ ಜೊತೆಗೂ ಹೋಗಬಾರದು. ಲಾಭ ಪಡೆಯೋನೇ ಮುಂದೆ ನಿಂತು ಬರೆಸಿದರೆ ಅದು ಅನುಮಾನದ ಸಂಗತಿ ಅಂತ ಸುಪ್ರೀಂ ಕೋರ್ಟು 1958ರಲ್ಲೇ ಹೇಳಿದೆ. ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಜಮ್ಮ ಅವರ ಕೇಸು, ಉಯಿಲಿನ ವ್ಯಾಜ್ಯಗಳಲ್ಲಿ ಇವತ್ತಿಗೂ ಅದರ ಹೆಸರು ಬರುತ್ತೆ.

ಮುಸ್ಲಿಮರಾದರೆ ಸಾಲ, ಅಂತ್ಯಕ್ರಿಯೆಯ ಖರ್ಚು ಕಳೆದು ಮೂರನೇ ಒಂದು ಪಾಲಿಗಿಂತ ಹೆಚ್ಚು ಬರೀಬೇಕಾದರೆ ವಾರಸುದಾರರ ಒಪ್ಪಿಗೆ ಬೇಕು. ಬದುಕಿರುವಾಗಲೇ ಹಿಬಾ, ಅಂದರೆ ದಾನ, ಮಾಡಿದರೆ ಆ ಮಿತಿ ಇಲ್ಲ, ಆದರೆ ಸ್ವಾಧೀನ ಕೊಟ್ಟುಬಿಡಬೇಕು. ಉಳಿದವರು ಉಯಿಲಿನ ಗೊಡವೆ ಬೇಡ ಅಂತ ದಾನಪತ್ರಕ್ಕೆ ಹೋದರೆ ಜೇಬಿಗೆ ಕತ್ತರಿ. ಕರ್ನಾಟಕದಲ್ಲಿ ಕುಟುಂಬದವರಿಗೆ ನಿಗದಿತ ಸಣ್ಣ ಮೊತ್ತದ ಮುದ್ರಾಂಕ, ಹೊರಗಿನವರಿಗೆ ಶೇಕಡಾ 5, ಮೇಲೆ ಸೆಸ್ಸು. ಸಾಲದ್ದಕ್ಕೆ ಸಂಬಂಧಿಯಲ್ಲದವರಿಂದ 50,000 ರೂಪಾಯಿಗಿಂತ ಹೆಚ್ಚು ದಾನ ಬಂದರೆ ಆದಾಯ ತೆರಿಗೆ. ಉಯಿಲಿನಿಂದ ಬಂದದ್ದಕ್ಕೆ ಆ ತೆರಿಗೆ ಇಲ್ಲ.

ಇನ್ನು ಜನರಲ್ ಪವರ್ ಆಫ್ ಅಟಾರ್ನಿ, ನನ್ನ ಪರವಾಗಿ ವ್ಯವಹಾರ ಮಾಡು ಅಂತ ಕೊಡೋ ಅಧಿಕಾರಪತ್ರ. ಒಂದು ಕಾಗದ ಮಾಡಿಸಿ ಬೀರುವಿನಲ್ಲಿಟ್ಟು ನಿಶ್ಚಿಂತೆಯಿಂದ ಇರ್ತಾರೆ. ಕೊಟ್ಟವನ ಬುದ್ಧಿ ಹೋದ ದಿನವೇ ಅದರ ಬಲವೂ ಹೋಗುತ್ತೆ, ಕರಾರು ಕಾಯ್ದೆಯ (ಕಾಂಟ್ರಾಕ್ಟ್ ಆಕ್ಟ್) 201ನೇ ಕಲಮು. ಮರೆವಿನ ಕಾಯಿಲೆ ಬಂದಾಗ ಬೇಕಾಗುತ್ತೆ ಅಂತ ಮಾಡಿಸಿದ ಕಾಗದ, ಮರೆವು ಬಂದಕೂಡಲೇ ರದ್ದಿ.

ಅಲ್ಲಿಗೆ ಬೇರೆ ಎರಡು ಇವೆ. ಮಾನಸಿಕ ಆರೋಗ್ಯ ಕಾಯ್ದೆ 2017ರ ಪ್ರಕಾರ ಯಾವ ವಯಸ್ಕನನ್ನಾದರೂ ನಿನ್ನ ಪ್ರತಿನಿಧಿ ಅಂತ ನೇಮಿಸಬಹುದು. ಖಾಲಿ ಹಾಳೆ, ಒಂದು ಸಹಿ ಅಥವಾ ಹೆಬ್ಬೆಟ್ಟು. ರಕ್ತಸಂಬಂಧ ಯಾರೂ ಕೇಳೋ ಹಾಗಿಲ್ಲ. ಎರಡನೆಯದು, ಜೀವರಕ್ಷಕ ಯಂತ್ರ ಬೇಕೋ ಬೇಡವೋ ಅಂತ ಮೊದಲೇ ಬರೆದಿಡೋ ಲಿವಿಂಗ್ ವಿಲ್. 2018ರಲ್ಲಿ ಅದಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. 2023ರ ಜನವರಿಯಿಂದ ಇಬ್ಬರು ಸಾಕ್ಷಿ ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. ಅದರಲ್ಲಿ ‘ಪೋಷಕರು (ಗಾರ್ಡಿಯನ್) ಅಥವಾ ಹತ್ತಿರದ ಸಂಬಂಧಿ’ ಅಂತಿದೆ. ಆ ‘ಅಥವಾ’ದೊಳಗೆ ಸಂಗಾತಿಯನ್ನ ಕೂರಿಸಬಹುದು. ಅದರ ಒಂದು ಪ್ರತಿ ಫ್ಯಾಮಿಲಿ ಡಾಕ್ಟರ ಹತ್ತಿರ ಇರಲಿ. ಐಸಿಯು ಬಾಗಿಲಲ್ಲಿ ನಿಂತು ಬೀರುವಿನ ಬೀಗದಕೈ ಹುಡುಕೋಕಾಗಲ್ಲ.

ಸತ್ತ ಮೇಲಿನದು ಇನ್ನೂ ವಿಚಿತ್ರ. ಹತ್ತಿರದ ಬಂಧುಗಳು ಸಿಗದಿದ್ದಾಗ ಸಂಗಾತಿಗೆ ಶವ ಕೊಡಿ ಅಂತ ಆರೋಗ್ಯ ಸಚಿವಾಲಯ 2024ರಲ್ಲಿ ರಾಜ್ಯಗಳಿಗೆ ಬರೆದಿದೆ. ಸಿಗದಿದ್ದಾಗ! ಇಪ್ಪತ್ತು ವರ್ಷ ಬಾಗಿಲು ತುಳಿಯದ ತಮ್ಮ ಅವತ್ತು ಬೆಳಿಗ್ಗೆ ಸಿಕ್ಕಿಬಿಟ್ಟರೆ ಮುಗೀತು. ಪಂಚೆ ಉಟ್ಟು ಮುಂದೆ ನಿಲ್ಲೋನು ಅವನು, ಇವನು ಹಿಂದೆ, ‘ಮನೇಲಿದ್ದ ಸ್ನೇಹಿತರು’.

ಈಗ ಧರ್ಮದ ಕಡೆ ಬಾ. ನಮ್ಮ ಧರ್ಮಶಾಸ್ತ್ರದ ನಿಬಂಧಗಳಲ್ಲಿ ಶ್ರಾದ್ಧ ಮಾಡೋ ಅಧಿಕಾರ ಯಾರಿಗೆ ಅಂತ ಉದ್ದನೆಯ ಪಟ್ಟಿಗಳಿವೆ. ಮಗ, ಮೊಮ್ಮಗ, ಹೆಂಡತಿ, ತಮ್ಮ ಅಂತ ಇಳೀತಾ ಇಳೀತಾ ಶಿಷ್ಯ ಬರ್ತಾನೆ, ಮಿತ್ರ ಬರ್ತಾನೆ, ಯಾರೂ ಇಲ್ಲದಿದ್ದರೆ ರಾಜ. ಕೊನೆಯ ಸಾಲಲ್ಲಾದರೂ ಸರಿ, ಮಿತ್ರನಿಗೆ ಜಾಗ ಇದೆ. 8ನೇ ಕಲಮಿನಲ್ಲಿ ಅವನಿಗಿಲ್ಲದ ಜಾಗ. ಅಯ್ಯಪ್ಪನ ತನಕ ಹೋದವರೂ ಈ ಸಾಲಿಗೆ ಬರಲಿಲ್ಲ ನೋಡು. ಮಠ, ಚರ್ಚು, ವಕ್ಫ್‌ ನಡೆಸೋ ವೃದ್ಧಾಶ್ರಮದ ಅರ್ಜಿಯಲ್ಲಿ ‘ರಕ್ತಸಂಬಂಧಿಯ ಹೆಸರು’ ಅನ್ನೋದನ್ನ ‘ನಂಬಿಕಸ್ಥರ ಹೆಸರು’ ಅಂತ ತಿದ್ದೋಕೆ ಯಾವ ಶಾಸ್ತ್ರವನ್ನೂ ತಿದ್ದಬೇಕಾಗಿಲ್ಲ. ವೇದಿಕೆ ಮೇಲೆ ಬಡಿದಾಡೋರಿಗೆ ಅಚ್ಚಾದ ಅರ್ಜಿ ಅಂದರೆ ಅಸಡ್ಡೆ.

ನನಗೂ ಅಸಡ್ಡೆಯೇ, ಅದನ್ನೇ ಹೇಳೋಕೆ ಹೊರಟೆ. ಹೇಳಿಕೆಗಳ ಪಟ್ಟಿಯನ್ನ ಖುಷಿಖುಷಿಯಾಗಿ ಮಾಡಿದೆ. ಯಾರು ಯಾರಿಗೆ ಏನಂದರು ಅನ್ನೋದರಲ್ಲಿ ಒಂದು ಮಜಾ ಇದೆ, ಅಲ್ಲಿ ಸಿಟ್ಟು ಮಾಡಿಕೊಂಡರೆ ಕೆಲಸ ಮುಗಿದ ಹಾಗೆ ಅನ್ಸುತ್ತೆ. ಆಮೇಲೆ ಲಿವಿಂಗ್ ವಿಲ್ಲಿನ ನಮೂನೆ ಮುಂದಿಟ್ಟುಕೊಂಡೆ, ನಿನಗೆ ವಿವರಿಸೋಕೆ ಅಂತಲೇ ಕಣೋ. ಪೋಷಕರ ಹೆಸರು ಅನ್ನೋ ಕಡೆ ನನ್ನ ಕೈ ಯೋಚನೆ ಮಾಡದೆ ಒಂದು ಹೆಸರು ಬರೀತು. ಪಕ್ಕದಲ್ಲಿ ‘ಸಂಬಂಧ’. ಅಲ್ಲಿ ಪೆನ್ನು ನಿಂತಿದ್ದು ಇನ್ನೂ ಹೊರಟಿಲ್ಲ. ‘ಮಿತ್ರ’ ಅಂತ ಬರೆದರೆ ಸುಳ್ಳಲ್ಲ. ಪೂರ್ತಿ ಅಂತಲೂ ಅಲ್ಲ.

ಸರಿ, ಸಾಕು. ಇದು ಯಾವ ಹೊತ್ತಿನಲ್ಲಿ ಬರೆದದ್ದು ಅಂತ ನಿನಗೆ ಗೊತ್ತಾಗಿರುತ್ತೆ, ಇದನ್ನ ಮೇಲ್ಮನವಿಗೆ ಅವಕಾಶವಿಲ್ಲದೆ ವಜಾ ಮಾಡು. ಉಯಿಲೂ ಬರೀತಿದೀನಿ. ಸಾಕ್ಷಿಗೆ ನಮಗಿಂತ ಚಿಕ್ಕವರು ಇಬ್ಬರನ್ನ ಹುಡುಕ್ತಿದೀನಿ. ನೀನು ಮಾತ್ರ ಬರಬೇಡ, ಆ ದಿನ ಆ ಬೀದಿಯಲ್ಲೂ ಸುಳೀಬೇಡ. ಯಾಕೆ ಅಂತ ಮೇಲೆ ಬರೆದಿದ್ದೀನಿ, ಹುಡುಕಿಕೋ.

ಹಿಗ್ಗಬೇಡ ಮಾರಾಯ, ಸಿಗೋದು ಛತ್ರಿ ಒಂದೇ. ಅದೂ ಒಂದು ಕಡ್ಡಿ ಮುರಿದಿದೆ, ಮುರಿದವನು ಯಾರು ಅಂತ ಇಬ್ಬರಿಗೂ ಗೊತ್ತು.

ನಿನ್ನ,
ಗೊತ್ತಲ್ಲ