ಬಲಬದಿಯ ಓಟ

ಹಾಕಿ ಆಟಗಾರನ ವೃತ್ತಿಜೀವನವನ್ನು ಪದಕಗಳ ಎಣಿಕೆಯಿಂದ ಅಳೆಯುವುದು ನಮಗೆಲ್ಲ ರೂಢಿಯಾಗಿಬಿಟ್ಟಿದೆ. ಸೋಮವಾರಪೇಟೆಯ ಎಸ್. ವಿ. ಸುನಿಲ್ ಅವರ ವಿಷಯದಲ್ಲಿ ಮಾತ್ರ ಈ ಲೆಕ್ಕ ಕೈಕೊಡುತ್ತದೆ. 2007ರಿಂದ 2021ರವರೆಗೆ ಭಾರತದ ಪರವಾಗಿ 264 ಪಂದ್ಯಗಳನ್ನಾಡಿ 72 ಗೋಲು ಗಳಿಸಿದ ಈ ಮುಂಪಡೆ ಆಟಗಾರ ಎರಡು ಒಲಿಂಪಿಕ್ಸ್‌ಗಳಿಂದ ಬರಿಗೈಯಲ್ಲಿ ಮರಳಿದರು. 41 ವರ್ಷಗಳ ಕಾಯುವಿಕೆಯ ಬಳಿಕ ಟೋಕಿಯೋದಲ್ಲಿ ಕಂಚಿನ ಪದಕ ದಕ್ಕಿದಾಗ ಆ ತಂಡದಲ್ಲಿ ಅವರಿರಲಿಲ್ಲ.

ಎಂ. ಪಿ. ಗಣೇಶ್, ಬಿ. ಪಿ. ಗೋವಿಂದ, ಎಂ. ಎಂ. ಸೋಮಯ್ಯ ಅವರಂಥವರನ್ನು ಕೊಟ್ಟ ಕೊಡಗಿನಲ್ಲಿ ಹುಡುಗನೊಬ್ಬ ಹಾಕಿ ಹಿಡಿದನೆಂದರೆ ಯಾರಿಗೂ ಅಚ್ಚರಿಯಾಗದು. ಆದರೆ ನಾಲ್ಕನೆಯ ವಯಸ್ಸಿಗೇ ತಾಯಿಯನ್ನು ಕಳೆದುಕೊಂಡ ಸುನಿಲ್‌ಗೆ ಆ ದಾರಿ ಸಲೀಸಾಗಿರಲಿಲ್ಲ. ಸ್ಟಿಕ್ ಕೊಳ್ಳಲಾಗದೆ ಬಿದಿರಿನ ಕೋಲಿನಲ್ಲಿ ಆಡಿ ಕಲಿತವರು ಅವರು. 2007ರಲ್ಲಿ ಚೆನ್ನೈನಲ್ಲಿ ನಡೆದ ಏಷ್ಯಾ ಕಪ್‌ನ ಫೈನಲ್‌ನಲ್ಲಿ ದಕ್ಷಿಣ ಕೊರಿಯಾವನ್ನು 7-2ರಿಂದ ಮಣಿಸಿದ ತಂಡದಲ್ಲಿ ಅವರ ಅಂತರರಾಷ್ಟ್ರೀಯ ಆಟ ಆರಂಭವಾಯಿತು. ಅದಾದ ಆರೇ ತಿಂಗಳಿಗೆ ಭಾರತ ಚಿಲಿಯ ಸ್ಯಾಂಟಿಯಾಗೋದಲ್ಲಿ ನಡೆದ ಅರ್ಹತಾ ಟೂರ್ನಿಯಲ್ಲಿ ಬ್ರಿಟನ್‌ಗೆ ಸೋತು, 1928ರ ನಂತರ ಮೊದಲ ಬಾರಿಗೆ ಒಲಿಂಪಿಕ್ಸ್‌ನಿಂದಲೇ ಹೊರಗುಳಿಯಿತು. 2009ರಲ್ಲಿ ಮಲೇಷ್ಯಾದ ಇಪೋದಲ್ಲಿ ಅಜ್ಲಾನ್ ಷಾ ಟೂರ್ನಿ ಆಡುತ್ತಿದ್ದಾಗ ತಂದೆ ತೀರಿಕೊಂಡ ಸುದ್ದಿ ಬಂತು. ಸುನಿಲ್ ಅಲ್ಲೇ ಉಳಿದು ಆಡಿದರು, ಭಾರತ ಪ್ರಶಸ್ತಿ ಗೆದ್ದಿತು. ಇದನ್ನು ಕೆಚ್ಚಿನ ಕಥೆಯಾಗಿ ಹೇಳುವವರಿದ್ದಾರೆ. ಇಪ್ಪತ್ತು ತುಂಬದ ಹುಡುಗ ಅಂಥ ತೀರ್ಮಾನ ಮಾಡಬೇಕಾಗಿ ಬಂತಲ್ಲ ಎಂದೇ ನನಗೆ ಅನಿಸುತ್ತದೆ.

ಅವರ ಆಟದ ತಿರುಳು ಬಲಬದಿಯ ಗೆರೆಯುದ್ದಕ್ಕೂ ಇದ್ದ ಆ ಓಟದಲ್ಲಿತ್ತು. ಹಾಕಿ ಸ್ಟಿಕ್‌ನ ಒಂದು ಮುಖ ಮಾತ್ರ ಚಪ್ಪಟೆ. ಹಾಗಾಗಿ ಬಲಬದಿಯಲ್ಲಿ ಚೆಂಡನ್ನು ತನ್ನ ಬಲಕ್ಕಿಟ್ಟುಕೊಂಡು ನುಗ್ಗುವವನನ್ನು ತಡೆಯಲು ಎದುರಾಳಿ ತನ್ನ ಎಡಕ್ಕೆ, ಅಂದರೆ ಸ್ಟಿಕ್ಕನ್ನು ಮಗುಚಿ ಹಿಡಿಯಬೇಕಾದ ಕಡೆಗೆ, ಚಾಚಬೇಕಾಗುತ್ತದೆ. ಓಡುವವನು ಸುನಿಲ್‌ನಷ್ಟು ವೇಗಿಯಾದರೆ ಅರೆಕ್ಷಣದ ಆ ತೊಡಕೇ ಸಾಕು. ಎದುರಾಳಿಯ ತಪ್ಪಿಗೆ ಫ್ರೀ ಹಿಟ್ ಸಿಕ್ಕವನು ಚೆಂಡನ್ನು ತಾನೇ ತಳ್ಳಿಕೊಂಡು ಹೊರಡಬಹುದೆಂಬ ನಿಯಮ 2009ರಲ್ಲಿ ಬಂದ ಮೇಲಂತೂ ಅಂಥ ಕಾಲುಗಳಿಗೆ ಬೆಲೆ ಹೆಚ್ಚಿತು. ಗೋಲಿನ ಮುಂದಿನ ವೃತ್ತದೊಳಗೆ ಹೊಕ್ಕ ಮೇಲೆ ಅವರು ಆತುರಪಡುತ್ತಿದ್ದರು ಎಂಬ ದೂರನ್ನು ನಾನೂ ಒಪ್ಪುತ್ತೇನೆ. ಆದರೆ ಅವರನ್ನು ಹಿಡಿಯಲು ಇಬ್ಬರು ರಕ್ಷಕರು ಗೆರೆಯತ್ತ ಸರಿದಾಗ ಮಧ್ಯದಲ್ಲಿ ತೆರವಾಗುತ್ತಿದ್ದ ಜಾಗವೂ, ಆ ಜಾಗಕ್ಕೆ ಅವರು ಅಡ್ಡಲಾಗಿ ಹೊಡೆದ ಚೆಂಡಿಗೆ ಇನ್ಯಾರೋ ಸ್ಟಿಕ್ ತಾಗಿಸಿ ಗಳಿಸಿದ ಗೋಲೂ ಆ 72ರಲ್ಲಿ ಸೇರುವುದಿಲ್ಲ.

2012ರ ಲಂಡನ್‌ನಲ್ಲಿ ಭಾರತ ಎಲ್ಲ ಪಂದ್ಯಗಳನ್ನೂ ಸೋತು ಹನ್ನೆರಡನೆಯ, ಅಂದರೆ ಕಟ್ಟಕಡೆಯ ಸ್ಥಾನಕ್ಕಿಳಿಯಿತು. ಅದರ ಬಗ್ಗೆ ಹೆಚ್ಚು ಹೇಳುವಂಥದ್ದೇನಿಲ್ಲ. ಅಲ್ಲಿಂದ ಮೇಲೆದ್ದ ಬಗೆ ಮುಖ್ಯ. 2014ರಲ್ಲಿ ಇಂಚಿಯಾನ್‌ನ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಪಾಕಿಸ್ತಾನದ ವಿರುದ್ಧ 1-1ರ ಸಮಬಲದ ಬಳಿಕ ಶೂಟೌಟ್‌ನಲ್ಲಿ 4-2ರಿಂದ ಗೆದ್ದು, 16 ವರ್ಷಗಳ ನಂತರ ಚಿನ್ನವನ್ನೂ ರಿಯೋಗೆ ನೇರ ಪ್ರವೇಶವನ್ನೂ ಪಡೆದ ತಂಡದಲ್ಲಿ ಸುನಿಲ್ ಇದ್ದರು. ರಿಯೋಗೆ ಅವರ ಜೊತೆ ರಘುನಾಥ್, ಉತ್ತಪ್ಪ, ನಿಕಿನ್ ತಿಮ್ಮಯ್ಯ ಕೂಡ ಹೋದರು. ಒಂದೇ ಒಲಿಂಪಿಕ್ ತಂಡದಲ್ಲಿ ಕೊಡಗಿನ ನಾಲ್ವರು! ಕ್ವಾರ್ಟರ್ ಫೈನಲ್‌ನಲ್ಲಿ ಬೆಲ್ಜಿಯಂ 3-1ರಿಂದ ದಾರಿ ಮುಚ್ಚಿತು. 2017ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಮರುವರ್ಷ ಭುವನೇಶ್ವರದಲ್ಲಿ, ತವರಿನ ಜನರೆದುರು ನಡೆದ ವಿಶ್ವಕಪ್ಪನ್ನು ಮೊಣಕಾಲಿನ ಗಾಯ ಕಸಿದುಕೊಂಡಿತು.

ಟೋಕಿಯೋಗೆ ಆಯ್ಕೆಯಾದವರಲ್ಲಿ ಅವರ ಹೆಸರಿರಲಿಲ್ಲ. ಮೂವತ್ತೆರಡರ ವಿಂಗರ್‌ನ ಬದಲು ಎಳೆಯರನ್ನು ಆರಿಸಿದ್ದು ತಪ್ಪೆನ್ನಲಾಗದು, ಪದಕವೂ ಬಂತು. 2021ರ ಆಗಸ್ಟ್‌ನಲ್ಲಿ ಆ ಕಂಚು ಗೆದ್ದ ತಂಡದಿಂದ ಡ್ರ್ಯಾಗ್ ಫ್ಲಿಕ್ (ಪೆನಾಲ್ಟಿ ಕಾರ್ನರ್‌ನಲ್ಲಿ ಚೆಂಡನ್ನು ಸ್ಟಿಕ್‌ನಿಂದ ಎಳೆದು ಚಿಮ್ಮಿಸುವ ಹೊಡೆತ) ಪರಿಣತ ರೂಪಿಂದರ್ ಪಾಲ್ ಸಿಂಗ್ ಮತ್ತು ರಕ್ಷಕ ಬೀರೇಂದ್ರ ಲಾಕ್ರಾ ಸೆಪ್ಟೆಂಬರ್ 30ರಂದು ನಿವೃತ್ತಿ ಪ್ರಕಟಿಸಿದರು. ಅದರ ಮರುದಿನ ಸುನಿಲ್ ಕೂಡ ವಿದಾಯ ಹೇಳಿದರು, ತಂಡಕ್ಕೆ ಐವರಷ್ಟೇ ಇರುವ ಆಟದ ಕಿರು ಮಾದರಿಗೆ ಕರೆದರೆ ಬರುವೆನೆಂಬ ಮಾತನ್ನೂ ಜೊತೆಗೇ ಸೇರಿಸಿ.