ಗಾಂಧಿ ಚೌಕದಲ್ಲಿ ಸಿಕ್ಕ ಕಾಕಾರಿಗೆ

ಆವತ್ತು ವಿಜಯಪುರದ ಗಾಂಧಿ ಚೌಕದ ಹತ್ತಿರ ಅಂಗಡಿಯೊಂದರಲ್ಲಿ ಬ್ಲೇಡು ಕೇಳುತ್ತ ನಿಂತಿದ್ದೆ. ಗದ್ದದ ಮೇಲೆ ಮೂರು ಕಡೆ ಪೇಪರಿನ ಚೂರು ಅಂಟಿಸಿಕೊಂಡಿದ್ದೆ. ಪಕ್ಕದಲ್ಲಿ ಸಂತೆ ಚೀಲ ಹಿಡಿದಿದ್ದ ಕಾಕಾ (ಹೆಸರು ಕೇಳಲೇ ಇಲ್ಲ ನಾನು, ಎಂಥಾ ಮಂದಬುದ್ಧಿ) ಮುಖ ನೋಡಿ, "ತಮ್ಮಾ, ಗಡ್ಡ ಕೆರಕೊಂಡಿಯೋ, ಜ್ವಾಳ ಕೊಯ್ದಿಯೋ?" ಅಂದರು.

ಮೂರು ತಿಂಗಳಲ್ಲಿ ಮೂರು ರೇಜರ್ ಬದಲಿಸಿದ್ದೆ. ತಪ್ಪು ಕೈಯದು ಅಂತ ತಿಳಿದದ್ದು ಇವರಿಂದ. ನನ್ನ ಪೆನ್ನು ತಗೊಂಡು ತಮ್ಮ ಗಲ್ಲದ ಮೇಲೆ ಓರೆಯಾಗಿ ಹಿಡಿದು ತೋರಿಸಿದರು. ಬ್ಲೇಡು ಚರ್ಮಕ್ಕೆ ಸುಮಾರು 30 ಡಿಗ್ರಿ. ಒತ್ತಬಾರದು, ರೇಜರಿನ ತೂಕವೇ ಸಾಕು. ಮೊದಲ ಸಲ ಕೂದಲು ಬೆಳೆದ ದಿಕ್ಕಿಗೇ ಎಳೆಯಬೇಕು. "ಮತ್ತ ಬೋರಿನ ಸವಳ ನೀರಾಗ ಸಾಬೂನು ನೊರಿ ಕೊಡೂದಿಲ್ಲೊ. ಕುಡಿಯೂ ನೀರು ಒಂದು ವಾಟಗಾ ಕಾಸ್ಕೊ."

ಈ ನೀರಿನ ಮಾತು ಯಾವ ವಿಡಿಯೊದಲ್ಲೂ ಕೇಳಿರಲಿಲ್ಲ. ಮರುದಿನ ಬ್ರಶ್ ತಿರುವಿದರೆ ನೊರೆ ಮೊಸರಿನ ಕೆನೆಯ ಹಾಗೆ ನಿಂತಿತು!

ಈಗ ನನ್ನ ಮೊದಲ, ಅಗ್ಗದ ರೇಜರೇ ಸಾಕಾಗಿದೆ. ಗದ್ದದ ಗುಳಿಯಲ್ಲಿ ಮಾತ್ರ ಆಗಾಗ ಕಚ್ಚುತ್ತದೆ, ಪಟಿಕ ತಿಕ್ಕಿಕೊಳ್ಳುತ್ತೇನೆ.

ಕಾಕಾ, ಬಸ್ ಬಂತು ಅಂತ ಓಡಿಬಿಟ್ರಿ, ಒಂದು ಕಪ್ ಚಹಾನೂ ಕುಡಿಸಲಿಕ್ಕೆ ಆಗಲಿಲ್ಲ. ಭಾಳ ಉಪಕಾರ ಆತ್ರಿ.