ಮುಖ ಹೇಳದ ಮಾತು

ಸಾಗರ
ಬುಧವಾರ

ಪ್ರೀತಿಯ ಪುಟ್ಟಿ,

ಭಾನುವಾರ ವಿಡಿಯೋ ಕಾಲ್‌ನಲ್ಲಿ ಮಗು ಹೊಸ ಲಂಗ ಹಾಕಿಕೊಂಡು ಕುಣಿದು ತೋರಿಸಿತಲ್ಲ, ಆಗ ನೀನು ಕೇಳಿದೆ: "ಯಾಕಮ್ಮಾ ಸಪ್ಪಗಿದೀಯ? ನನ್ನ ಮೇಲೆ ಸಿಟ್ಟಾ?" ನಾನು ಇಲ್ಲ ಅಂದೆ. ಅದೂ ನಿನಗೆ ಸರಿಯಾಗಿ ಕೇಳಿಸಲಿಲ್ಲ. ಫೋನ್ ಇಟ್ಟ ಮೇಲೆ ತುಂಬಾ ಹೊತ್ತು ಸಂಕಟವಾಯಿತು. ಆ ಕುಣಿತ ನೋಡಿ ನನಗೆ ಎಷ್ಟು ಖುಷಿಯಾಗಿತ್ತು ಗೊತ್ತಾ? ಒಳಗೆ ನಗುತ್ತಲೇ ಇದ್ದೆ. ಮುಖಕ್ಕೆ ಬರಲಿಲ್ಲ, ಅಷ್ಟೇ. ನನಗಿರುವ ಈ ಪಾರ್ಕಿನ್ಸನ್ ಕಾಯಿಲೆಯಲ್ಲಿ ಮುಖವೂ ಬಿಗಿಯುತ್ತದೆ. ಕಣ್ಣು ಮಿಟುಕಿಸುವುದೂ ಕಮ್ಮಿಯಾಗುತ್ತದೆ. ದನಿ ಇಳಿಯುತ್ತದೆ. ಅದಕ್ಕೇ ಕಾಗದ ಬರೆಯೋಣ ಅನಿಸಿತು.

ಅಕ್ಷರ ನೋಡಿ ಗಾಬರಿಯಾಗಬೇಡ. ಸಾಲಿನ ಮೊದಲಲ್ಲಿ ದಪ್ಪಗಿದ್ದದ್ದು ಕೊನೆಗೆ ಬರುವಷ್ಟರಲ್ಲಿ ಸಾಸಿವೆ ಕಾಳಿನಷ್ಟಾಗುತ್ತದೆ. ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗಲೇ ಹಾಜರಿ ಪುಸ್ತಕದಲ್ಲಿ ನನ್ನ ಅಕ್ಷರ ಸಣ್ಣದಾಗುತ್ತಾ ಬಂದಿತ್ತು. ಕನ್ನಡಕ ಬದಲಾಯಿಸಿದ್ದೆ. ಅದಕ್ಕೂ ಮೊದಲೇ ಮಲ್ಲಿಗೆ ವಾಸನೆ ಹೋಗಿತ್ತು. ಒಗ್ಗರಣೆ ಸೀದರೂ ತಿಳಿಯುತ್ತಿರಲಿಲ್ಲ. 2019ರಲ್ಲಿ ಶಿವಮೊಗ್ಗದ ಡಾಕ್ಟರು ಕಾಯಿಲೆಯ ಹೆಸರು ಹೇಳಿದಾಗ ಇವೆಲ್ಲ ಒಂದೇ ದಾರದಲ್ಲಿ ಪೋಣಿಸಿದ ಹಾಗೆ ಕಂಡವು. ಈಗ ಒಂದನೇ ತರಗತಿ ಮಕ್ಕಳ ಎರಡು ಗೆರೆಯ ಕಾಪಿ ಪುಸ್ತಕ ತರಿಸಿಕೊಂಡಿದ್ದೇನೆ. ಮೇಲಿನ ಗೆರೆ ಮುಟ್ಟಲೇಬೇಕು ಎಂದುಕೊಂಡು ಬರೆದರೆ ಅಕ್ಷರ ದೊಡ್ಡದಾಗಿ ಬರುತ್ತದೆ.

ನನ್ನ ದಿನ ಈಗ ಮಾತ್ರೆಯ ಲೆಕ್ಕದಲ್ಲಿ ನಡೆಯುತ್ತದೆ. ಆರು, ಹತ್ತು, ಎರಡು, ಮತ್ತೆ ಆರು. ನಿಮ್ಮಪ್ಪ ಮೊಬೈಲ್‌ನಲ್ಲಿ ಅಲಾರಾಂ ಇಟ್ಟಿದ್ದಾರೆ. ಮಿದುಳಿನಲ್ಲಿ ಡೋಪಮೈನ್ ಅಂತ ಒಂದು ವಸ್ತು ತಯಾರಾಗುತ್ತದಂತೆ. ಅದು ಇದ್ದರೆ ಕೈಕಾಲು ಹೇಳಿದ ಹಾಗೆ ಕೇಳುತ್ತವೆ. ನನ್ನಲ್ಲಿ ಅದನ್ನು ಮಾಡುವ ಜೀವಕೋಶಗಳು ಸಾಯುತ್ತಿವೆ. ಲೆವೊಡೋಪಾ ಮಾತ್ರೆ ಮಿದುಳಿಗೆ ಹೋಗಿ ಡೋಪಮೈನ್ ಆಗುತ್ತದೆ. ಕಾಯಿಲೆಯನ್ನು ಅದು ನಿಲ್ಲಿಸುವುದಿಲ್ಲ. ಆದರೆ ನನಗೆ ನನ್ನ ಕೈಯನ್ನು ಕೆಲವು ಗಂಟೆ ವಾಪಸ್ ಕೊಡುತ್ತದೆ.

ನೀನು ಹಬ್ಬಕ್ಕೆ ಬಂದಾಗ ಬೆಳಗ್ಗೆ ಎದ್ದ ಕೂಡಲೇ ಲೋಟದ ತುಂಬ ಹಾಲು ತಂದುಕೊಟ್ಟು "ಮಾತ್ರೆ ಖಾಲಿ ಹೊಟ್ಟೆಗೆ ಬೇಡ" ಅಂದೆ. ಪ್ರೀತಿಯಿಂದಲೇ ಮಾಡಿದ್ದು, ಗೊತ್ತು. ಆದರೆ ಹಾಲು, ಮೊಸರು, ಬೇಳೆಯ ಪ್ರೋಟೀನು ಇದೇ ಮಾತ್ರೆಯ ದಾರಿಗೆ ಅಡ್ಡ ಬರುತ್ತದೆ. ಅವತ್ತು ಹತ್ತು ಗಂಟೆಯವರೆಗೂ ನಾನು ಮಂಚ ಬಿಟ್ಟು ಏಳಲಾಗಲಿಲ್ಲ. ಹಾಗಾಗಿ ಮಾತ್ರೆಯಾಗಿ ಅರ್ಧ ಮುಕ್ಕಾಲು ಗಂಟೆ ಕಳೆದ ಮೇಲೆ ಕಾಫಿ. ಬೇಳೆ ಸಾರು, ಮೊಸರು ಜಾಸ್ತಿ ರಾತ್ರಿಗೆ. ನೀರು, ಸೊಪ್ಪು, ಬಾಳೆಹಣ್ಣು ತಪ್ಪಿಸುವುದಿಲ್ಲ. ಹೊಟ್ಟೆ ಕಟ್ಟಿದರೆ ಮಾತ್ರೆಯೂ ತಡವಾಗಿ ಹತ್ತುತ್ತದೆ.

ಒಂದು ವಿಷಯ ನಿನಗೆ ಹೇಳಿರಲಿಲ್ಲ. ಹೋದ ವರ್ಷ ಯಾರೋ ಹೇಳಿದರು ಅಂತ ನಸುಗುನ್ನಿ ಬೀಜದ ಪುಡಿ ತೆಗೆದುಕೊಂಡೆ. ಎರಡೇ ದಿನಕ್ಕೆ ವಾಂತಿ. ಕುತ್ತಿಗೆ, ಭುಜ ತಾವಾಗಿಯೇ ತೊನೆಯತೊಡಗಿದವು. ಆಮೇಲೆ ಡಾಕ್ಟರು ಹೇಳಿದರು, ಆ ಬೀಜದಲ್ಲಿ ನಿಜವಾಗಿಯೂ ಲೆವೊಡೋಪಾ ಇದೆ. ಮಾತ್ರೆಯ ಮೇಲೆ ಅದೂ ಸೇರಿ ಅಳತೆ ಮೀರಿತ್ತು. ಹಾಗಂತ ಹೆದರಿ ಮಾತ್ರೆಯನ್ನು ಒಮ್ಮೆಲೇ ಬಿಡುವುದೂ ಅಪಾಯ. ಇನ್ನೊಂದು: ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್ ನನಗೆ ಆಗದು, ನಡುಕ, ಬಿಗಿತ ಹೆಚ್ಚಾಗುತ್ತದೆ. ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟಿದ್ದೇನೆ. ನಿನ್ನ ಹತ್ತಿರವೂ ಒಂದಿರಲಿ. ನನ್ನನ್ನು ಆಸ್ಪತ್ರೆಗೆ ಸೇರಿಸುವ ಹಾಗಾದರೆ ಮಾತ್ರೆಯ ಹೊತ್ತು ತಪ್ಪದ ಹಾಗೆ ನೋಡಿಕೊಳ್ಳುವುದು ನಿನ್ನ ಕೆಲಸ.

ನಮ್ಮ ಮನೆಯ ಹೊಸಿಲು ನೆನಪಿದೆಯಲ್ಲ, ಅಜ್ಜ ಇಡಿಸಿದ್ದ ಎತ್ತರದ ಹಲಸಿನ ಮರದ್ದು. ನಾನು ಎಡವುತ್ತೇನೆ ಅಂತ ಅದನ್ನು ಕೀಳಿಸುವ ಮಾತಾಗಿತ್ತು. ಕೀಳಿಸಬೇಡಿ ಅಂದೆ. ಆ ಹೊಸಿಲನ್ನು ನಾನು ಸಲೀಸಾಗಿ ದಾಟುತ್ತೇನೆ ಕಣೇ! ಬಚ್ಚಲಿನ ಬಾಗಿಲಲ್ಲಿ ಏನೂ ಅಡ್ಡ ಇಲ್ಲ, ನೆಲ ಸಮ, ಅಲ್ಲೇ ಕಾಲು ಅಂಟಿಕೊಂಡುಬಿಡುತ್ತದೆ. ಯಾರೋ ಪಾದಕ್ಕೆ ಮೊಳೆ ಹೊಡೆದ ಹಾಗೆ. ಮೇಲಿನ ಮೈ ಮುಂದೆ ಹೋಗುತ್ತದೆ, ಕಾಲು ಬರುವುದಿಲ್ಲ. ದಾಟಲು ಏನಾದರೂ ಕಣ್ಣಿಗೆ ಕಂಡರೆ ಕಾಲು ಏಳುತ್ತದೆ. ಇದು ತಿಳಿದ ಮೇಲೆ ನಿಮ್ಮಪ್ಪ ಮೊಣಕಾಲೂರಿ ಕೂತು ಬಚ್ಚಲಿನ ದಾರಿಯುದ್ದಕ್ಕೂ ಒಂದೊಂದು ಹೆಜ್ಜೆಗೊಂದರಂತೆ ಹಳದಿ ಟೇಪ್ ಅಂಟಿಸಿದರು. ಏಳು ಪಟ್ಟಿ. ಒಂದೊಂದನ್ನೂ ದಾಟಿ ಹೋಗುತ್ತೇನೆ. ಟೇಪ್ ಇಲ್ಲದ ಕಡೆ ಗಟ್ಟಿಯಾಗಿ ಮಗ್ಗಿ ಹೇಳುತ್ತೇನೆ. ತಾಳಕ್ಕೆ ಹೆಜ್ಜೆ ಸಿಗುತ್ತದೆ, ದನಿಗೂ ವ್ಯಾಯಾಮ. ಕಾಲು ನಿಂತಾಗ ಕೈ ಹಿಡಿದು ಎಳೆಯಬೇಡ, ಬಿದ್ದುಬಿಡುತ್ತೇನೆ. ನಿನ್ನ ಪಾದವನ್ನು ನನ್ನ ಪಾದದ ಮುಂದೆ ಅಡ್ಡ ಇಡು. ಅದನ್ನೇ ದಾಟಿ ಬರುತ್ತೇನೆ.

ರಾತ್ರಿ ಮಗ್ಗುಲು ಬದಲಿಸುವುದು ಕಷ್ಟವಾಗಿತ್ತು. ಹಳೇ ರೇಷ್ಮೆ ಸೀರೆಯೊಂದನ್ನು ಮಡಚಿ ಹಾಸಿಗೆಯ ನಡುವೆ ಹಾಸಿಕೊಂಡೆ. ಈಗ ಮೈ ಜಾರುತ್ತದೆ. ನಿನ್ನ ನಾಮಕರಣದ ದಿನ ಉಟ್ಟಿದ್ದ ನೇರಳೆ ಸೀರೆ ಅದು.

ಪೇಟೆಗೆ ಹೋದರೆ ಜನ ನೋಡುತ್ತಾರೆ. ಮೊದಮೊದಲು ಕೈಯನ್ನು ಸೆರಗಿನೊಳಗೆ ಬಚ್ಚಿಡುತ್ತಿದ್ದೆ. ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ಕಾಯಿಲೆಯ ಬಗ್ಗೆ ಬರೆದದ್ದು ಬರೀ ಆರು ಜನರನ್ನು ನೋಡಿ. ಅವರಲ್ಲಿ ಕೆಲವರನ್ನು ಅವನು ಕಂಡದ್ದು ಬೀದಿಯಲ್ಲಿ. ಹಾಗೆ ಗಮನಿಸಿ ನೋಡುವ ಕಣ್ಣೂ ಇರುತ್ತದೆ ಅಂತ ಓದಿದ ಮೇಲೆ ಬಚ್ಚಿಡುವುದು ಬಿಟ್ಟೆ.

ನನಗೂ ಬರುತ್ತಾ ಅಂತ ನೀನು ಒಳಗೊಳಗೇ ಹೆದರಿರಬಹುದು. ಕೇಳಿಲ್ಲ, ಆದರೂ ಹೇಳುತ್ತೇನೆ. ಹೆಚ್ಚಿನವರಲ್ಲಿ ಇದು ತಾಯಿಯಿಂದ ಮಗಳಿಗೆ ಬರುವ ಕಾಯಿಲೆಯಲ್ಲ.

ಮುಂದಿನ ಸಲ ಬಂದಾಗ ನನ್ನ ರವಿಕೆ ಹುಕ್ಸು ನೀನು ಹಾಕಬೇಡ. ಹತ್ತು ನಿಮಿಷ ಹಿಡಿಯುತ್ತದೆ. ಹಿಡಿಯಲಿ. ಪಕ್ಕದಲ್ಲಿ ಕೂತು ಮಾತಾಡುತ್ತಿರು. ನಾನು ಉತ್ತರ ಕೊಡುವುದು ತಡವಾದರೆ ಕಾಯು, ನನ್ನ ವಾಕ್ಯ ನೀನು ಮುಗಿಸಬೇಡ. ಮಾತ್ರೆಯ ಬಲ ಇಳಿದ ಹೊತ್ತಿನಲ್ಲಿ ನನ್ನ ಕೈಯಲ್ಲಿ ಏನೂ ಆಗುವುದಿಲ್ಲ. ಆಗ ನಾನೇ ಕರೆಯುತ್ತೇನೆ.

ಭಾನುವಾರ ಸಂಜೆ ಬೇಡ, ಬೆಳಗ್ಗೆ ಹನ್ನೊಂದಕ್ಕೆ ಫೋನ್ ಮಾಡು. ಹತ್ತರ ಮಾತ್ರೆ ಅಷ್ಟೊತ್ತಿಗೆ ಹತ್ತಿರುತ್ತದೆ. ಮಗುವಿಗೆ ಇನ್ನೊಂದು ಸಲ ಕುಣಿಯಲು ಹೇಳು. ಅಜ್ಜಿ ಚಪ್ಪಾಳೆ ತಟ್ಟಿದರೆ ನಗುತ್ತಿದ್ದಾಳೆ ಅಂತ ಅದಕ್ಕೆ ಹೇಳಿಕೊಡು.

ನಿನ್ನ
ಅಮ್ಮ